ಶೆಫೀಲ್ಡಿನಲ್ಲಿ ಸುಮ್ಮನೆ ಕೂತದ್ದು

ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ‘ಇದರ ಮೇಲೆ ಕೂರಬಾರದು’ ಎಂದು ಬರೆದಿತ್ತು. ನನಗೆ ಕೂರಲು ಕೊಟ್ಟದ್ದು ಅದೇ ಕುರ್ಚಿ.

ಯಾವುದೋ ಹಳೆಯ ನಾಟಕದಲ್ಲಿ ನಟನೊಬ್ಬ ಕೂತೊಡನೆ ಮುರಿದು ಬೀಳಬೇಕಾಗಿದ್ದ ಕುರ್ಚಿ ಅದಂತೆ. ನಾಟಕ ಮುಗಿದ ಮೇಲೆ ಬಡಗಿ ಕಾಲನ್ನು ಗಟ್ಟಿ ಮಾಡಿದ್ದ. ಬರಹವನ್ನು ಅಳಿಸಲು ಮಾತ್ರ ಯಾರಿಗೂ ಪುರಸತ್ತು ಸಿಕ್ಕಿರಲಿಲ್ಲ. “ಧೈರ್ಯವಾಗಿ ಕೂತ್ಕೊ ಲವ್, ಬಿದ್ದರೆ ನಾವೆಲ್ಲ ಇದ್ದೀವಿ, ನಗೋದಕ್ಕೆ” ಎಂದರು ಜ್ಯಾನೆಟ್.

ಜ್ಯಾನೆಟ್ ಆ ರಂಗಮಂದಿರದ ರಂಗನಿರ್ವಾಹಕಿ. ಪರದೆಯ ಹಿಂದೆ ಒಂದು ದೀಪ ಹತ್ತಬೇಕಾದರೂ ಒಂದು ಬಾಗಿಲು ತೆರೆಯಬೇಕಾದರೂ ಅವರು ಹೇಳಬೇಕು. ನಾನು ಹೈದರಾಬಾದಿನಿಂದ ಶೆಫೀಲ್ಡಿಗೆ ಹೋದದ್ದು ನಾಟಕ ವಿಷಯದಲ್ಲಿ ಎಂ.ಎ. ಓದಲು. ಕೋರ್ಸಿನ ನಡುವೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಯಾವುದಾದರೂ ರಂಗಮಂದಿರಕ್ಕೆ ಹೋಗಿ, ಒಂದು ನಾಟಕ ತಯಾರಾಗಿ ಮುಗಿಯುವವರೆಗೆ ಅಲ್ಲಿ ಕೆಲಸ ಕಲಿಯಬೇಕು. ನನಗೆ ಸಿಕ್ಕಿದ್ದು ಇಳಿಜಾರು ಬೀದಿಯ ಒಂದು ಪುಟ್ಟ ರಂಗಮಂದಿರ. ಹಿಂದೆ ಅಲ್ಲಿ ಚಾಕು, ಚೂರಿ ತಯಾರಿಸುತ್ತಿದ್ದರಂತೆ. ರಂಗದ ಹಲಗೆಗಳ ಸಂದಿಯಲ್ಲಿ ಈಗಲೂ ಒಮ್ಮೊಮ್ಮೆ ಕಬ್ಬಿಣದ ಪುಡಿ ಸಿಗುತ್ತದೆ.

ಮೊದಲ ದಿನ ಒಳಗೆ ಕಾಲಿಟ್ಟಾಗ ನನಗಾದ ಸಂತೋಷವನ್ನು ಯಾರಿಗೂ ತೋರಿಸಲಿಲ್ಲ. ತೋರಿಸುವ ಅಭ್ಯಾಸ ನನಗಿಲ್ಲ. ಸೂಜಿ ಬಿದ್ದರೂ ಕೇಳುವ ಆ ಕತ್ತಲು, ಹೊಸ ಮರ ಕೊಯ್ದ ವಾಸನೆ, ಮೇಲೆ ಸಾಲಾಗಿ ತೂಗುವ ದೀಪಗಳು. ರಂಗದ ನೆಲದ ತುಂಬ ಬಣ್ಣಬಣ್ಣದ ಟೇಪಿನ ತುಂಡುಗಳು. ಮೊದಲ ಅಂಕದ ಮೇಜಿನ ಕಾಲುಗಳು ಇಲ್ಲಿ ಬರಬೇಕು ಎಂಬುದಕ್ಕೆ ಹಳದಿ, ಎರಡನೆಯ ಅಂಕದ ಸೋಫಾಕ್ಕೆ ನೀಲಿ. ಚುಕ್ಕಿ ಇಟ್ಟು ಇನ್ನೂ ಗೆರೆ ಎಳೆಯದ ರಂಗೋಲಿಯ ಹಾಗೆ ಕಂಡಿತು. “ಇಲ್ಲಿ ಗುರುತು ಇದ್ದದ್ದಕ್ಕೆ ಜಾಗ ಇದೆ. ಗುರುತು ಇಲ್ಲದ್ದು ಯಾವಾಗ ಬೇಕಾದರೂ ಎತ್ತಿ ಹೊರಗೆ ಹೋಗುತ್ತೆ” ಎಂದು ಜ್ಯಾನೆಟ್ ವಿವರಿಸಿದರು.

ನನ್ನ ಕುರ್ಚಿಯ ಸುತ್ತ ಟೇಪ್ ಇರಲಿಲ್ಲ.

“ನಿನಗೆ ಏನು ಬರುತ್ತೆ?” ಎಂದು ಕೇಳಿದರು.

“ಪ್ರಾಂಪ್ಟಿಂಗ್” ಎಂದೆ. ಬಹುಶಃ ಸ್ವಲ್ಪ ಹೆಮ್ಮೆಯಿಂದಲೇ.

ತಾರ್ನಾಕ

ಆ ಹೆಮ್ಮೆಗೆ ಕಾರಣ ಹೇಳಬೇಕು. ನಮ್ಮ ಮನೆ ಹೈದರಾಬಾದಿನ ತಾರ್ನಾಕದಲ್ಲಿದೆ. ಅಪ್ಪ ರಾಯಚೂರಿನವರು, ಕೇಂದ್ರ ಸರಕಾರದ ಕಾರ್ಖಾನೆಯೊಂದರ ನೌಕರಿಗಾಗಿ ಹೈದರಾಬಾದಿಗೆ ಬಂದವರು. ಕಾರ್ಖಾನೆಯ ಕನ್ನಡಿಗರೆಲ್ಲ ಸೇರಿ ವರ್ಷಕ್ಕೊಂದು ನಾಟಕ ಆಡುತ್ತಾರೆ. ಆಡಿಸುವವರು ಅಪ್ಪನ ಗೆಳೆಯ ಶೇಷಗಿರಿ ಕಾಕಾ. ನಟರೆಲ್ಲ ಪಾಳಿಯ ಮೇಲೆ ದುಡಿಯುವವರು. ಒಬ್ಬರದು ಬೆಳಗಿನ ಪಾಳಿಯಾದರೆ ಇನ್ನೊಬ್ಬರದು ರಾತ್ರಿಯದು. ಇಡೀ ತಂಡ ಒಟ್ಟಿಗೆ ಕಾಣಿಸಿಕೊಳ್ಳುವುದು ನಾಟಕದ ದಿನ, ರಂಗದ ಮೇಲೆಯೇ. ಹೀಗಾಗಿ ಮಾತು ಬಾಯಿಪಾಠವಾಗುವ ಪ್ರಶ್ನೆ ಇಲ್ಲ.

ಅದಕ್ಕೇ ನಾನು. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನಮ್ಮ ವಯಸ್ಸಿನವರು ಮನೆಯಲ್ಲಿ ಕನ್ನಡ ಮಾತಾಡಿದರೂ ಶಾಲೆಯಲ್ಲಿ ಕಲಿತದ್ದು ತೆಲುಗು, ಹಿಂದಿ, ಇಂಗ್ಲಿಷ್. ಕಿರಿಯ ನಟರು ತಮ್ಮ ಪಾತ್ರದ ಕನ್ನಡ ಮಾತುಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅಮ್ಮ ನನಗೆ ಮನೆಯಲ್ಲೇ ಕನ್ನಡ ಕಲಿಸಿದ್ದರಿಂದ ಅದನ್ನು ತಡೆಯಿಲ್ಲದೆ ಓದಬಲ್ಲ ಹುಡುಗಿ ಎಂದು ನನ್ನನ್ನು ಪರದೆಯ ಬದಿಗೆ ನಿಲ್ಲಿಸಿದರು.

ನಮ್ಮಲ್ಲಿ ಪ್ರಾಂಪ್ಟರ್ ಎಂದರೆ ಮೊದಲಿನಿಂದ ಕೊನೆಯವರೆಗೆ ಇಡೀ ನಾಟಕವನ್ನು ಹೇಳುವವಳು. ನಟನ ಬಾಯಿಗಿಂತ ಅರ್ಧ ಉಸಿರು ಮುಂದೆ. ನಾನು ಹೇಳುತ್ತಾ ಹೋಗುತ್ತೇನೆ, ಅವರು ಎತ್ತಿಕೊಳ್ಳುತ್ತಾ ಬರುತ್ತಾರೆ. ಇದಕ್ಕೊಂದು ಕಸುಬುಗಾರಿಕೆ ಇದೆ. “ಪಿಸುಗುಡಬ್ಯಾಡವಾ, ಗೊಣಗು” ಎಂದು ಕಾಕಾ ಕಲಿಸಿದ್ದರು. ಪಿಸುಮಾತಿನಲ್ಲಿ ಸಕಾರ, ಶಕಾರಗಳು ಸೀಳಿಕೊಂಡು ಸಭಿಕರತ್ತ ಹೋಗುತ್ತವೆ. ಎದೆಯಿಂದ ಬರುವ ತಗ್ಗು ದನಿ ನೆಲದ ಮೇಲೆ ಹರಿದು ನಟನ ಹತ್ತಿರ ನಿಲ್ಲುತ್ತದೆ. ಭಾವ ತುಂಬಬಾರದು. ತುಂಬಿದರೆ ನಟ ನಿಮ್ಮ ಭಾವವನ್ನೇ ಎತ್ತಿಕೊಂಡು ಬಿಡುತ್ತಾನೆ. ನಾನು ಇದನ್ನು ಚೆನ್ನಾಗಿಯೇ ಕಲಿತೆ. ಆದರೂ ಕೆಲವು ನಟರಿಗೆ ಕಿವಿ ಮಂದ. ಮಷೀನುಗಳ ನಡುವೆ ಕೆಲಸ ಮಾಡಿ ಹಾಗಾಗಿರುತ್ತದೆ. ಅವರ ದೃಶ್ಯಗಳಲ್ಲಿ ಮುಂದಿನ ಸಾಲಿನವರು ನಾಟಕವನ್ನು ಎರಡು ಸಲ ಕೇಳುತ್ತಿದ್ದರು. ಒಂದು ವರ್ಷ ನಾಟಕ ಮುಗಿದ ಮೇಲೆ ಹಿರಿಯರೊಬ್ಬರು ಬಂದು, “ರಾಜಾನ ಪಾರ್ಟ ಭಾಳ ಛಲೋ ಆತು. ಅವನಕಿಂತ ಒಂಚೂರು ಮೊದಲ ನೀ ಮಾಡಿದ್ದು ಇನ್ನಾ ಛಲೋ ಇತ್ತು” ಎಂದಿದ್ದರು.

ನಮ್ಮ ನಾಟಕದ ಪುಸ್ತಕಗಳಲ್ಲೂ ‘ಕೊಂಚ ಮೌನ’ ಎಂದು ಅಚ್ಚಾಗಿರುತ್ತದೆ. ಕಾಕಾ ಮೊದಲ ದಿನವೇ ಅದರ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆಯುತ್ತಿದ್ದರು. ರಂಗದ ಮೇಲೆ ಮಾತು ನಿಂತರೆ ಜನ ನೋಡುವುದು ನಟನನ್ನಲ್ಲ, ಪರದೆಯ ಬದಿಯನ್ನು. ನಾನು ಬೆಳೆದ ರಂಗಭೂಮಿಯಲ್ಲಿ ಮೌನ ಎಂದರೆ ಪ್ರಾಂಪ್ಟರಳ ತಪ್ಪು.

ಎಡ ಮೂಲೆ

ಶೆಫೀಲ್ಡಿನ ನಾಟಕ ಒಂದು ಗುಂಡಿ ಅಂಗಡಿಯ ಕಥೆ. ಅಂಗಿ, ಕೋಟುಗಳಿಗೆ ಹಚ್ಚುವ ಗುಂಡಿಗಳನ್ನು ಮಾರುವ ಒಬ್ಬ ಮುದುಕಿ. ಗಂಡ ತೀರಿಕೊಂಡಿದ್ದಾನೆ, ಅಂಗಡಿ ನಾಳೆ ಕೈಬಿಟ್ಟು ಹೋಗಲಿದೆ. ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟಿದ್ದ ಮಗಳು ಬಂದಿದ್ದಾಳೆ. ಚಹಾ ಕುಡಿಯುತ್ತ ಅವಳು ಕೇಳುತ್ತಾಳೆ: “ಅಪ್ಪ ಹೋಗುವ ಮುಂಚೆ ನನ್ನ ಬಗ್ಗೆ ಏನಾದರೂ ಹೇಳಿದ್ರಾ?” ಮುದುಕಿ ಎದ್ದು ಮೇಜುಬಟ್ಟೆಯನ್ನು ಮಡಚಲು ತೊಡಗುತ್ತಾಳೆ. ಮೌನ. ಆಮೇಲೆ, “ಚಹಾ ಆರಿಹೋಯ್ತು” ಎನ್ನುತ್ತಾಳೆ. ಆ ಮಾತಿನ ಬೆನ್ನಿಗೇ ಒಂದು ಪುಟದಷ್ಟು ಉದ್ದದ ಮಾತು ಬರುತ್ತದೆ; ಗಂಡನ ಕೋಟಿನ ಗುಂಡಿಗಳ ಬಗ್ಗೆ.

ಮುದುಕಿಯ ಪಾತ್ರ ಮಾಡುತ್ತಿದ್ದವರು ಡೊರತಿ. ಬೆಳ್ಳಗಿನ ಕೂದಲು, ಗಂಡುದನಿ, ನಡಿಗೆಯಲ್ಲಿ ಯಾರನ್ನೂ ಲೆಕ್ಕಿಸದ ಗತ್ತು. ಅವರು ರಂಗದ ಮೇಲೆ ಬಂದರೆ ಜ್ಯಾನೆಟ್ ಕೂಡ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ಪುಸ್ತಕ ಕೈಯಲ್ಲಿಲ್ಲದೆ ತಾಲೀಮು ಮಾಡುವ ಮೊದಲ ದಿನ. ನಾನು ಪ್ರಾಂಪ್ಟ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ರಂಗದ ಎಡ ಮೂಲೆಯಲ್ಲಿ, ಆ ‘ಕೂರಬಾರದ’ ಕುರ್ಚಿಯಲ್ಲಿ ಕೂತಿದ್ದೆ. ಮಗಳ ಪಾತ್ರದವಳು ಪ್ರಶ್ನೆ ಕೇಳಿದಳು. ಡೊರತಿ ಬಟ್ಟೆಯ ಒಂದು ತುದಿ ಹಿಡಿದರು. ಏನೂ ಹೇಳಲಿಲ್ಲ. ಪುಟದಲ್ಲಿ ‘ಮೌನ’ ಎಂದು ಅಚ್ಚಾಗಿದ್ದದ್ದನ್ನು ನನ್ನ ಕಣ್ಣು ನೋಡಿತ್ತು. ನಾಲಿಗೆ ಕಾಕಾನ ಅಡ್ಡಗೆರೆಯನ್ನು ನೋಡಿತ್ತು.

“ಚಹಾ ಆರಿಹೋಯ್ತು” ಎಂದು ಗೊಣಗಿದೆ.

ಡೊರತಿ ನನ್ನತ್ತ ತಿರುಗಲಿಲ್ಲ. ದೃಶ್ಯವನ್ನು ಮೊದಲಿನಿಂದ ತೆಗೆದುಕೊಂಡರು. ಮತ್ತೆ ಪ್ರಶ್ನೆ, ಮತ್ತೆ ಬಟ್ಟೆಯ ತುದಿ, ಮತ್ತೆ ಆ ತಡೆಯಲಾಗದ ನಿಶ್ಶಬ್ದ. ಈ ಸಲ ಹೇಳಬಾರದು ಎಂದು ತುಟಿ ಕಚ್ಚಿಕೊಂಡಿದ್ದೆ. ಮಹಡಿಯ ಅಂಚಿನಲ್ಲಿ ಮಗು ನಡೆಯುವುದನ್ನು ನೋಡುತ್ತ ಯಾರಾದರೂ ಎಷ್ಟು ಹೊತ್ತು ಸುಮ್ಮನಿರಬಹುದು? “ಚಹಾ ಆರಿ—” ಎಂದುಬಿಟ್ಟೆ.

ಡೊರತಿ ಬಟ್ಟೆಯನ್ನು ಮೇಜಿನ ಮೇಲಿಟ್ಟರು. “ಲವ್,” ಎಂದರು, ತುಂಬ ಮೆತ್ತಗೆ, “ಅದು ನನ್ನ ಮೌನ. ನಿನಗೂ ಒಂದು ಬೇಕಿದ್ದರೆ ಬೇರೆ ತಂದುಕೋ.”

ಎಲ್ಲರೂ ನಕ್ಕರು. ನಾನೂ ನಗಬೇಕಿತ್ತೇನೋ. ಮೂರನೆಯ ಸಲ ಮಾತು ನನ್ನ ಬಾಯಿಂದ ಬರಲಿಲ್ಲ. ಆದರೆ ನಾನು ಉಸಿರು ಎಳೆದುಕೊಂಡ ಸದ್ದು ಅವರಿಗೆ ಕೇಳಿಸಿತು. ಅವರು ರಂಗದಿಂದ ಇಳಿದು ಹೋದರು. ಹೋಗುತ್ತ ಜ್ಯಾನೆಟ್ ಹತ್ತಿರ ಹೇಳಿದ್ದು ಆ ಕತ್ತಲಲ್ಲಿ ಸ್ಪಷ್ಟವಾಗಿ ಕೇಳಿತು: “ಅವಳು ಅಲ್ಲಿ ಕೂತರೆ ನಾನು ಇಲ್ಲಿ ನಿಲ್ಲೋದಿಲ್ಲ.”

ಜ್ಯಾನೆಟ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬದಿಗೆ ಕರೆದು ವಿಷಯ ಹೇಳಿದರು. ಹಿಂದೊಮ್ಮೆ ಇನ್ನೊಂದು ಊರಿನಲ್ಲಿ, ತುಂಬಿದ ಸಭೆಯ ಎದುರು, ಡೊರತಿಗೆ ಮಾತು ಮರೆತುಹೋಗಿತ್ತು. ಪ್ರಾಂಪ್ಟರ್ ಇಲ್ಲಿನ ಪದ್ಧತಿಯಂತೆ ಮುಂದಿನ ಮಾತನ್ನು ಸ್ಪಷ್ಟವಾಗಿ, ಗಟ್ಟಿಯಾಗಿ, ಒಮ್ಮೆ ಕೊಟ್ಟಳು. ಸಭೆಗೂ ಕೇಳಿಸಿತು. ಹಿಂದಿನಿಂದ ಯಾರೋ ನಕ್ಕರು. ಡೊರತಿಗೆ ಮುಂದಿನ ಒಂದು ಸಾಲೂ ಬರಲಿಲ್ಲ. ಅಂದಿನಿಂದ ರಂಗ ಹತ್ತಿರಲಿಲ್ಲ. ಇದು ಅವರು ಮತ್ತೆ ಹತ್ತಿದ ಮೊದಲ ನಾಟಕ.

“ಅವರಿಗೆ ಮರೆಯೋ ಭಯ ಇದೆ. ಅದಕ್ಕೇ ಮೂಲೆಯಲ್ಲಿ ನಂಬಿಕೆಯವರು ಬೇಕು,” ಎಂದರು ಜ್ಯಾನೆಟ್. “ಈ ಸಲವೂ ಹಾಗೆ ಆದರೆ ಮತ್ತೆ ಯಾವತ್ತೂ ಬರೋದಿಲ್ಲ. ನನಗೆ ಗೊತ್ತು.”

ಕುರ್ಚಿ ರಂಗದ ಬದಿಗೆ ಇಳಿಬಿಟ್ಟಿದ್ದ ಕಪ್ಪು ಪರದೆಯ ಹಿಂದಕ್ಕೆ ಹೋಯಿತು. ನಾನು ಪಾತ್ರೆ ತೊಳೆಯುವ ತೊಟ್ಟಿಗೆ ಹೋದೆ.

ತೊಟ್ಟಿ

ರಂಗದ ಮೇಲೆ ಬಳಸುವ ವಸ್ತುಗಳ ಹೊಣೆ ನನ್ನದಾಯಿತು. ಕಪ್ಪು-ಬಸಿ ತೊಳೆಯುವುದು, ಮೇಜುಬಟ್ಟೆ ಇಸ್ತ್ರಿ ಮಾಡುವುದು, ಗುಂಡಿಗಳ ಡಬ್ಬಿಗಳನ್ನು ಜೋಡಿಸುವುದು. ಜೊತೆಗೆ ಇಡೀ ತಂಡಕ್ಕೆ ಚಹಾ.

ಚಹಾದಲ್ಲಿ ನನ್ನ ಎರಡನೆಯ ಅಪಘಾತ ನಡೆಯಿತು. ನಾನು ದೊಡ್ಡ ಪಾತ್ರೆಯಲ್ಲಿ ಹಾಲು, ನೀರು, ಸಕ್ಕರೆ, ಚಹಾಪುಡಿ ಎಲ್ಲ ಹಾಕಿ ಕುದಿಸಿ ಎಲ್ಲರಿಗೂ ಸಮನಾಗಿ ಸುರಿದುಕೊಟ್ಟೆ. ನಮ್ಮ ತಾಲೀಮಿನಲ್ಲಿ ಇರಾನಿ ಹೋಟೆಲಿನಿಂದ ಕೆಟಲ್ ಬರುತ್ತಿತ್ತು. ರಾಜನಿಗೂ ಸೇವಕನಿಗೂ ಒಂದೇ ಚಹಾ. ಇಲ್ಲಿ ಪ್ರತಿಯೊಬ್ಬರಿಗೂ ಅವರದೇ ಮಗ್ಗು, ಅವರದೇ ಬಣ್ಣ. ಒಬ್ಬರಿಗೆ ಇಟ್ಟಿಗೆಯ ಬಣ್ಣ, ಒಬ್ಬರಿಗೆ ಮಣ್ಣಿನದು, ಇನ್ನೊಬ್ಬರಿಗೆ ಹಾಲನ್ನು ‘ಬರೀ ತೋರಿಸಿದರೆ ಸಾಕು’. ದೀಪದವನು ನನ್ನ ಚಹಾವನ್ನು ಗುಟುಕರಿಸಿ, “ಇದು ಕುಡಿಯೋದಾ, ಊಟ ಮಾಡೋದಾ?” ಎಂದು ಗಂಭೀರವಾಗಿ ಕೇಳಿದ. ಮರುದಿನ ಅವನೇ ಬಂದು, “ಆ ಊಟ ಇವತ್ತೂ ಇದೆಯಾ?” ಎಂದ.

ಈ ಊರಿನವರ ಸೌಜನ್ಯ ನನಗೆ ದಿನವೂ ಹೊಸದಾಗಿ ಕಾಣುತ್ತಿತ್ತು. ಬಸ್ಸಿನಿಂದ ಇಳಿಯುವವರು ಒಬ್ಬರೂ ಬಿಡದೆ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಹೈದರಾಬಾದಿನ ದಿಲ್‌ಸುಖ್‌ನಗರದ ಬಸ್ಸಿನಲ್ಲಿ ಅದು ಸಾಧ್ಯವಿಲ್ಲ. ಬಸ್ಸು ನಿಲ್ಲುವ ಮುಂಚೆಯೇ ನಾವು ಇಳಿದಿರುತ್ತೇವೆ. ಅಪರಿಚಿತ ಡ್ರೈವರ್, ಅಂಗಡಿಯವಳು, ಅಂಚೆಯವನು ಎಲ್ಲರೂ ನನ್ನನ್ನು ‘ಲವ್’ ಎನ್ನುತ್ತಾರೆ. ಮೊದಲ ವಾರ ಕಿವಿ ಬಿಸಿಯಾಗುತ್ತಿತ್ತು. ಆಮೇಲೆ ಇದು ನಮ್ಮ ತರಕಾರಿಯವನು ಎಲ್ಲ ಹೆಂಗಸರನ್ನೂ ‘ಅಮ್ಮಾ’ ಎನ್ನುವ ಹಾಗೆ ಎಂದು ತಿಳಿಯಿತು.

ರಂಗಮಂದಿರದೊಳಗೆ ಸಿಳ್ಳೆ ಹಾಕಬಾರದು, ಅಪಶಕುನ. ಹಿಂದೆ ಪರದೆ, ರಂಗಸಜ್ಜಿಕೆ ಏರಿಳಿಸಲು ಹಗ್ಗ ಎಳೆಯುವವರಿಗೆ ಸಿಳ್ಳೆಯೇ ಸನ್ನೆಯಾಗಿತ್ತಂತೆ. ತಪ್ಪು ಹೊತ್ತಿಗೆ ಹಾಕಿದರೆ ಯಾರದೋ ತಲೆಯ ಮೇಲೆ ಗೋಡೆ ಇಳಿಯುತ್ತಿತ್ತು. ಸಿಳ್ಳೆ ಬೀಳದಿದ್ದರೆ ನಾಟಕ ಬಿತ್ತು ಎನ್ನುವ ನಾವು ಇಲ್ಲಿ ಎಷ್ಟು ಜನರನ್ನು ಕೊಲ್ಲುತ್ತಿದ್ದೆವೋ.

ತೊಟ್ಟಿಯ ಪಕ್ಕದ ಬಾಗಿಲಿನ ಸಂದಿಯಿಂದ ರಂಗದ ಒಂದು ಪಟ್ಟಿ ಕಾಣುತ್ತಿತ್ತು: ಮೇಜಿನ ಅರ್ಧ, ಡೊರತಿಯ ಕೈಗಳು. ಮುಖ ಕಾಣುತ್ತಿರಲಿಲ್ಲ. ದಿನವೂ ಆ ದೃಶ್ಯದ ಹೊತ್ತಿಗೆ ನಾನು ನಲ್ಲಿ ನಿಲ್ಲಿಸಿ ಕೈಗಳನ್ನು ನೋಡುತ್ತಿದ್ದೆ. ಆ ಮೌನ ಖಾಲಿಯಾಗಿರಲಿಲ್ಲ. ಬಟ್ಟೆಯ ತುದಿ ತುದಿಗೆ ಸೇರುತ್ತಿತ್ತು, ಬೆರಳು ಮಡಿಕೆಯ ಮೇಲೆ ಉದ್ದಕ್ಕೂ ಜಾರುತ್ತಿತ್ತು, ಇನ್ನೊಂದು ಮಡಿಕೆ, ಅದರ ಮೇಲೆ ಅಂಗೈ. ಮಗಳಿಗೆ ಹೇಳಬಹುದಾದ ಒಂದು ಮಾತನ್ನು ಆ ಕೈ ಮಡಚಿ ಒಳಗಿಡುತ್ತಿತ್ತು. ಬಟ್ಟೆ ಪೂರ್ತಿ ಮಡಚಿದ ಕ್ಷಣಕ್ಕೆ ಸರಿಯಾಗಿ “ಚಹಾ ಆರಿಹೋಯ್ತು” ಬರುತ್ತಿತ್ತು. ಒಂದು ದಿನವೂ ತಪ್ಪಿರಲಿಲ್ಲ. ನಾನು ತೊಳೆದ ಬಸಿಯನ್ನು ಕೈಯಲ್ಲಿ ಹಿಡಿದು, ಒರೆಸುವುದನ್ನು ಮರೆತು ನಿಂತಿರುತ್ತಿದ್ದೆ. ಅಷ್ಟು ಚೆನ್ನಾದದ್ದನ್ನು ನಾನು ಎರಡು ಸಲ ಒಡೆದಿದ್ದೆ.

ಕೆಂಪು ಫೋನ್ ಪೆಟ್ಟಿಗೆ

ಭಾನುವಾರ ಮನೆಗೆ ಫೋನ್ ಮಾಡುವುದು ವಾಡಿಕೆ. ಬೀದಿಯ ತುದಿಯಲ್ಲಿ ಫೋನ್ ಪೆಟ್ಟಿಗೆ. ಬಾಗಿಲು ಸರಿಯಾಗಿ ಮುಚ್ಚದೆ ಒಂದು ಕಾಲು ಸದಾ ಚಳಿಯಲ್ಲಿರುತ್ತಿತ್ತು. ತಾರ್ನಾಕದಲ್ಲಿ ಆಗ ಮಧ್ಯಾಹ್ನದ ಊಟ ಮುಗಿದಿರುತ್ತದೆ.

ಅಮ್ಮನಿಗೆ ನಡೆದದ್ದನ್ನು ಹೇಳಿದೆ.

“ಅಲ್ಲ ವೈಜೂ, ನನ್ನ ಮಗಳು ಬಾಯಿ ಬಿಡಂಗಿಲ್ಲ, ಅಲ್ಲಿ ಹೋಗಿ ಹೆಂಗ ಮಾಡ್ತಾಳೋ ಅಂತ ಇಲ್ಲಿ ನಾ ಎಲ್ಲಾರ ಮುಂದ ಫಿಕರ್ ಮಾಡಾಕತ್ತೀನಿ. ನೀ ಅಲ್ಲಿ ಮಾತು ಜಾಸ್ತಿ ಆತಂತ ಬೈಸಿಕೊಂಡಿ?”

“ಹೂಂ ಅಮ್ಮಾ.”

“ಹೂಂ ಅಂದ್ರ? ತಡಿ, ನಿಮ್ಮ ಶೇಷಗಿರಿ ಕಾಕಾ ಊಟಕ್ಕ ಬಂದಾರ, ಕೊಡ್ತೀನಿ.”

ಕಾಕಾ ಫೋನಿನಲ್ಲಿ ಯಾವಾಗಲೂ ಮೈದಾನದ ಆಚೆಯವರಿಗೆ ಕೇಳುವ ಹಾಗೆ ಮಾತಾಡುತ್ತಾರೆ. “ಏನವಾ, ಸಾಹೇಬರ ನಾಟಕ ಹಾಳು ಮಾಡಿದೆಂತ?”

“ಅವರು ಸುಮ್ಮನ ನಿಂತಿದ್ರು ಕಾಕಾ. ನಾ ಮರ್ತಾರ ಅಂದ್ಕೊಂಡೆ.”

“ಮರ್ತಿರಲಿಲ್ಲನು?”

“ಇಲ್ಲ. ಅಲ್ಲಿ ಹಂಗ ನಿಲ್ಲೋದೈತಿ.”

“ಸುಮ್ಮನ ನಿಲ್ಲಾಕ ಪಗಾರ ಕೊಡ್ತಾರೇನು ಅಲ್ಲಿ? ಛಲೋ ನೌಕರಿ ಐತಿ ಬಿಡು. ಅಷ್ಟೊತ್ತು ನಿಂತ್ರ ನಮ್ಮ ಮಂದಿ ಕರೆಂಟ್ ಹೋತಂತ ಎದ್ದು ಮನಿಗೆ ಹೋಗ್ತಾರ.”

“ಆದ್ರ ಕಾಕಾ, ಭಾಳ ಛಲೋ ನಿಲ್ತಾರ.”

ಇದನ್ನು ಹೇಳುವಾಗ ನನ್ನ ದನಿ ಏರಿತ್ತೆಂದು ಕಾಣುತ್ತದೆ. ಆ ಕೈಗಳನ್ನು, ಬಟ್ಟೆಯನ್ನು, ಮಡಿಕೆಯನ್ನು ಒಂದೇ ಉಸಿರಿಗೆ ವಿವರಿಸಿದೆ. ಮನೆಯವರ ಎದುರು ನಾನು ಅಷ್ಟು ಮಾತಾಡಿದ್ದು ನೆನಪಿಲ್ಲ. ಕಾಕಾ ಕೇಳಿಸಿಕೊಂಡರು. ಕೊನೆಗೆ, “ಹಂಗಾರ ಅಕಿ ಮರ್ತಾಗ ನಿನಗ ಹೆಂಗ ಗೊತ್ತಾಗಬೇಕು?” ಎಂದರು.

“ಅದ ಗೊತ್ತಿಲ್ಲ.”

“ನನಗೂ ಗೊತ್ತಿಲ್ಲವಾ. ನಮ್ಮವರು ಸುರುವಿನಿಂದನ ಮರ್ತಿರ್ತಾರ” ಎಂದು ಜೋರಾಗಿ ನಕ್ಕರು. ಹಿಂದಿನಿಂದ ಅಮ್ಮ, ಫೋನಿನಾಗ ಹಂಗ ಒದರಬ್ಯಾಡ್ರಿ ಎನ್ನುವುದು ಕೇಳಿಸಿತು.

ಬಾಗಿಲು ತೆರೆಯುವ ವಾರ

ಪ್ರದರ್ಶನಗಳು ಹತ್ತಿರ ಬಂದಂತೆ ಜ್ಯಾನೆಟ್‌ಗೆ ದೀಪ, ಸದ್ದುಗಳ ಸೂಚನೆ ಕೊಡುವ ಕೆಲಸವೇ ಕೈ ತುಂಬಿತು. ಅವರು ಸಭೆಯ ಹಿಂದಿನ ಗಾಜಿನ ಕೋಣೆಯಿಂದ ಹೊರಬರುವಂತಿರಲಿಲ್ಲ. ಅಲ್ಲಿಯವರೆಗೆ ಅವರೇ ಕೂರುತ್ತಿದ್ದ ಎಡ ಮೂಲೆಗೆ ಇನ್ನೊಬ್ಬರು ಬೇಕಿತ್ತು, ಇನ್ನೊಬ್ಬರು ಇರಲಿಲ್ಲ. ಜ್ಯಾನೆಟ್ ಡೊರತಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಬಂದಾಗ ನನಗೆ ಷರತ್ತು ತಿಳಿಸಿದರು: ಕುರ್ಚಿ ಕಪ್ಪು ಪರದೆಯ ಹಿಂದೆಯೇ ಇರಬೇಕು. ಡೊರತಿಗೆ ನಾನು ಕಾಣಬಾರದು. ನನ್ನ ಉಸಿರೂ ಕೇಳಬಾರದು.

“ಮತ್ತೆ ಮಾತು ಮರೆತರೆ?” ಎಂದೆ.

“ನಿನಗೆ ಗೊತ್ತಾಗುತ್ತೆ.”

“ಹೇಗೆ?”

“ಗೊತ್ತಾಗುತ್ತೆ, ಲವ್,” ಎಂದು ಹೋಗಿಬಿಟ್ಟರು.

ಮೊದಲ ಪ್ರದರ್ಶನದ ಸಂಜೆ, ಬಾಗಿಲು ತೆರೆಯುವ ಮುಂಚೆ, ಯಾರೂ ಇಲ್ಲವೆಂದುಕೊಂಡು ನಾನು ಬಗ್ಗಿ ರಂಗದ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ತೆಂಗಿನಕಾಯಿ ಒಡೆದು, ಊದಿನಕಡ್ಡಿಯ ಹೊಗೆಗೆ ಅರ್ಧ ತಂಡ ಕೆಮ್ಮುತ್ತಿರುತ್ತದೆ. ಹಿಂದೆಯೇ ಜ್ಯಾನೆಟ್ ಬಂದರು. “ಏನು ಬಿತ್ತು?” ಎಂದರು. “ಏನೂ ಇಲ್ಲ” ಎಂದೆ. ಅವರು ನಂಬಲಿಲ್ಲ. ಟಾರ್ಚ್ ತಂದು, ಮೊಣಕಾಲೂರಿ, ಹಲಗೆಗಳ ಸಂದಿಯನ್ನೆಲ್ಲ ಹುಡುಕಿಕೊಟ್ಟರು. ಯಾವುದೋ ಕಾಲದ ಒಂದು ಕಿವಿಯೋಲೆ ಸಿಕ್ಕಿತು. “ನಿನ್ನದಾ?” ಅಲ್ಲ ಎಂದೆ. ಇಷ್ಟಾದ ಮೇಲೆ ನಿಜ ಹೇಳುವುದು ಸಾಧ್ಯವಿರಲಿಲ್ಲ.

ಆ ರಾತ್ರಿ ನಾಟಕ ಎಲ್ಲೂ ತಡೆಯದೆ ನಡೆಯಿತು. ಮೌನ ಬಂತು, ಬಟ್ಟೆ ಮಡಚಿತು, ಚಹಾ ಆರಿಹೋಯಿತು. ನಾನು ಸುಮ್ಮನಿದ್ದೆ. ನಂತರವೂ ಹಾಗೆಯೇ. ಡೊರತಿ ನನ್ನನ್ನು ನೋಡಿದರೂ ನೋಡದ ಹಾಗೆ ಹಾದುಹೋಗುತ್ತಿದ್ದರು. ಆದರೂ ಪರದೆ ಏರುವ ಮುಂಚಿನ ಆ ಗಳಿಗೆ, ಸಭೆಯ ಗುಜುಗುಜು ಒಮ್ಮೆಗೇ ಅಡಗುವಾಗ, ನನ್ನ ಮೈ ಪ್ರತಿದಿನವೂ ಜುಮ್ಮೆನ್ನುತ್ತಿತ್ತು. ಇಂಥ ಜಾಗದಲ್ಲಿ ಕಪ್ಪು ಪರದೆಯ ಹಿಂದಾದರೂ ಸರಿ, ಕೂತಿರುವೆನಲ್ಲ ಎನ್ನಿಸುತ್ತಿತ್ತು.

ಗುರುವಾರದ ಮ್ಯಾಟಿನಿ

ಗುರುವಾರ ಮಧ್ಯಾಹ್ನದ ಪ್ರದರ್ಶನಕ್ಕೆ ಬರುವವರು ಬಹುಪಾಲು ಅಜ್ಜಿಯರು. ಕೋಟು, ಟೋಪಿ, ಕೈಚೀಲ, ಕೈಚೀಲದಲ್ಲಿ ಟಾಫಿ. ಟಾಫಿಯ ಕಾಗದವನ್ನು ಸದ್ದಾಗದಿರಲೆಂದು ನಿಧಾನವಾಗಿ ಬಿಚ್ಚುತ್ತಾರೆ. ಹೀಗಾಗಿ ಸದ್ದು ಬಹಳ ಹೊತ್ತು ನಡೆಯುತ್ತದೆ. ಮಧ್ಯಂತರಕ್ಕೆ ಸೀಟಿಗೇ ಟ್ರೇಯಲ್ಲಿ ಚಹಾ, ಬಿಸ್ಕತ್ತು. ನಮ್ಮ ಕಾಲನಿಯ ಹಾಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತ ಕೂರುವ ಅಮ್ಮನ ಗೆಳತಿಯರು ನೆನಪಾದರು. ಅವರ ಹಾಗೆಯೇ ಇವರೂ ನಾಟಕದೊಡನೆ ಮಾತಾಡುತ್ತಾರೆ. ಮಗಳು ಒಳಬಂದಾಗ ಮುಂದಿನ ಸಾಲಿನ ಒಬ್ಬರು ಪಕ್ಕದವರಿಗೆ, “ಈಗ ಬಂದಳು ನೋಡು, ಎಲ್ಲ ಮುಗಿದ ಮೇಲೆ” ಎಂದರು.

ಪ್ರಶ್ನೆ ಬಂತು. ಮೌನ. ಬಟ್ಟೆ ತುದಿ ತುದಿಗೆ ಸೇರಿತು. ಟಾಫಿಗಳೂ ನಿಂತವು. “ಚಹಾ ಆರಿಹೋಯ್ತು” ಎಂದರು ಡೊರತಿ. ಇನ್ನು ಗುಂಡಿಗಳ ಮಾತು ಶುರುವಾಗಬೇಕು.

ಶುರುವಾಗಲಿಲ್ಲ.

ಕಪ್ಪು ಪರದೆಯ ಅಂಚಿನಿಂದ ನನಗೆ ಅವರ ಕೈಗಳು ಕಾಣುತ್ತಿದ್ದವು. ಮಡಚಿ ಮುಗಿದಿದ್ದ ಬಟ್ಟೆಯನ್ನು ಆ ಕೈಗಳು ಬಿಚ್ಚಿದವು. ಮತ್ತೆ ಮೊದಲಿನಿಂದ ಮಡಚತೊಡಗಿದವು. ತುದಿಗಳು ಸೇರಲಿಲ್ಲ. ಬೆರಳು ಮಡಿಕೆಯ ಮೇಲೆ ಜಾರುವ ಬದಲು ಅದನ್ನು ಹಿಸುಕಿತು.

ಸಭೆಗೆ ಇದು ಇನ್ನೊಂದು ಸುಂದರ ಮೌನ. ಮಗಳ ಪಾತ್ರದವಳಿಗೂ ಹಾಗೆಯೇ ಅನಿಸಿರಬೇಕು. ಅವಳು ತಾಯಿಯನ್ನೇ ಆರ್ದ್ರವಾಗಿ ನೋಡುತ್ತಿದ್ದಳು. ನನಗೆ ಮಾತ್ರ ಅದು ಮೌನವಲ್ಲ ಎಂದು ಗೊತ್ತಾಯಿತು. ಜ್ಯಾನೆಟ್ ಹೇಳಿದ್ದು ಸರಿಯಾಗಿತ್ತು.

ಇಲ್ಲಿನ ನಿಯಮದಂತೆ ನಾನು ಮುಂದಿನ ಮಾತನ್ನು ಸ್ಪಷ್ಟವಾಗಿ, ಒಮ್ಮೆ ಕೊಡಬೇಕು. ಮುಂದಿನ ಸಾಲಿಗೆ ಕೇಳಿಸುತ್ತದೆ. ಹಿಂದೊಮ್ಮೆ ಹಾಗೆಯೇ ಆಗಿತ್ತು. ತಪ್ಪಾಗಿ ತಿಳಿದಿದ್ದರಂತೂ ಮೂರನೆಯ ಸಲ ಅವರ ಮೌನವನ್ನು ಸಭೆಯ ಎದುರೇ ಒಡೆದಂತಾಗುತ್ತದೆ.

ಕುರ್ಚಿಯಿಂದ ಎದ್ದೆ. ಪುಸ್ತಕ ಅಲ್ಲೇ ಉಳಿಯಿತು. ಆ ಪುಟ ನನಗೆ ತೊಟ್ಟಿಯ ಹತ್ತಿರ ನಿಂತೇ ಬಾಯಿಗೆ ಬಂದಿತ್ತು. ಪರದೆಯ ಕೆಳಗೆ ನುಸುಳಿ, ರಂಗಸಜ್ಜಿಕೆಯ ಅಗ್ಗಿಷ್ಟಿಕೆಯ ಹಿಂದೆ ಮೊಣಕಾಲೂರಿ ಕೂತೆ. ಸಭೆಗೆ ಕಾಣದ, ಡೊರತಿಯ ಸೆರಗಿಗೆ—ಅವರಿಗೆ ಸೆರಗಿಲ್ಲ, ಲಂಗದ ಅಂಚಿಗೆ—ಹತ್ತಿರದ ಜಾಗ ಅದೊಂದೇ. ಎದೆಯಿಂದ ದನಿ ತೆಗೆದು, ಭಾವವಿಲ್ಲದೆ, ನೆಲಕ್ಕೆ ಹೇಳುವ ಹಾಗೆ ಗೊಣಗಿದೆ: “ಆ ಕೋಟಿನ ಗುಂಡಿ ಹಚ್ಚಿದ್ದು ನಾನೇ.”

ಡೊರತಿಯ ಕೈ ನಿಂತಿತು. “ಆ ಕೋಟಿನ ಗುಂಡಿ,” ಎಂದರು ಅವರು, “ಹಚ್ಚಿದ್ದು ನಾನೇ.”

ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಆದರೆ ಅಗ್ಗಿಷ್ಟಿಕೆಯ ಸಂದಿಯಿಂದ ಕಂಡ ಆ ಕೈಗಳು ಇನ್ನೂ ಬಟ್ಟೆಯನ್ನು ಹಿಸುಕುತ್ತಿದ್ದವು. ಎರಡನೆಯ ಸಾಲು ಕೊಟ್ಟೆ. ಎತ್ತಿಕೊಂಡರು. ಮೂರನೆಯದು ಕೊಟ್ಟೆ. ಅರ್ಧ ಉಸಿರು ಮುಂದೆ ನಾನು, ಹಿಂದೆ ಅವರು. ಕಾರ್ಖಾನೆಯ ಹಾಲಿನಲ್ಲಿ, ಪಾಳಿ ಮುಗಿಸಿ ನೇರ ಬಂದ ರಾಜರಿಗೆ ಹೇಳಿಕೊಟ್ಟ ಹಾಗೆಯೇ ಇಡೀ ಪುಟವನ್ನು ಹೇಳಿದೆ. ನನ್ನ ಚಪ್ಪಟೆ ಸಾಲುಗಳು ಅವರ ಬಾಯಿಗೆ ಹೋಗಿ ಏನೇನೋ ಆಗಿ ಹೊರಬರುತ್ತಿದ್ದವು. ಕೆಲವು ಸಾಲುಗಳ ನಡುವೆ ಅವರು ತಡೆಯುತ್ತಿದ್ದರು; ಕೈ ಸಡಿಲವಾಗಿದ್ದರೆ ನಾನೂ ತಡೆಯುತ್ತಿದ್ದೆ. ಪುಟದ ಮಧ್ಯದಲ್ಲಿ ಎಲ್ಲೋ ಬಟ್ಟೆಯ ತುದಿ ತುದಿಗೆ ಸೇರಿತು. ಅಷ್ಟು ಸಂತೋಷವನ್ನು ನಾನು ಮೊಣಕಾಲ ಮೇಲೆ ಕೂತು ಇನ್ನೆಂದೂ ಪಟ್ಟಿಲ್ಲ.

ಮಾತಿನ ಕೊನೆಯ ಎರಡು ಸಾಲಿನ ಹೊತ್ತಿಗೆ ಅವರು ಕಿಟಕಿಯತ್ತ ನಡೆದುಹೋದರು. ಅಲ್ಲಿಗೆ ನನ್ನ ದನಿ ತಲುಪದು. ಆದರೂ ಮಾತು ನಿಲ್ಲಲಿಲ್ಲ. ಅವರು ಹೇಳಿದ್ದು ಪುಸ್ತಕದಲ್ಲಿ ಇರಲಿಲ್ಲ ಅಷ್ಟೆ.

ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಗಾಜಿನ ಕೋಣೆಯ ಜ್ಯಾನೆಟ್‌ಗೂ ಗೊತ್ತಾಗಿರಲಿಲ್ಲ.

ನಾಟಕ ಮುಗಿದ ಮೇಲೆ ತೊಟ್ಟಿಯಲ್ಲಿ ಕಪ್ಪುಗಳನ್ನು ಇಡುತ್ತಿದ್ದೆ. ಡೊರತಿ ಬಣ್ಣ ಒರೆಸಿಕೊಳ್ಳದೆಯೇ ಬಂದು ಬಾಗಿಲಿಗೆ ಒರಗಿ ನಿಂತರು.

“ಒಂದು ಸಾಲು ಸಾಕಿತ್ತು,” ಎಂದರು. “ಇಡೀ ಪುಟ ಹೇಳಿಬಿಟ್ಟೆಯಲ್ಲ.”

“ಕ್ಷಮಿಸಿ.”

“ಬೇಡ. ಎಲ್ಲಿ ಕಲಿತೆ ಅದನ್ನ?”

ಕಾರ್ಖಾನೆ, ಪಾಳಿ, ಮಾತು ಬಾಯಿಗೆ ಬಾರದ ರಾಜರು, ಎಲ್ಲವನ್ನೂ ಚುಟುಕಾಗಿ ಹೇಳಿದೆ. ಅವರು ತಲೆ ಹಿಂದಕ್ಕೆ ಚೆಲ್ಲಿ ನಕ್ಕರು. “ಅಂದರೆ ಅಲ್ಲಿ ಯಾರಿಗೂ ಮರೆಯೋ ಭಯವೇ ಇಲ್ಲ.”

“ಇಲ್ಲ.”

“ಅಬ್ಬ” ಎಂದರು. ಒಂದು ಕಪ್ಪನ್ನು ತೆಗೆದುಕೊಂಡು ತಾವೇ ಒರೆಸಿ ಇಟ್ಟರು. ಆಮೇಲೆ ಜ್ಯಾನೆಟ್‌ಗೆ, ದೀಪದವನಿಗೆ, ಕಾರಿಡಾರಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ಗಟ್ಟಿ ದನಿಯಲ್ಲಿ ಹೇಳಿದರು: “ನಾನು ಇವತ್ತು ಮಾತು ಮರೆತೆ. ಈ ಹುಡುಗಿ ನನ್ನ ಕೈ ಹಿಡಿದು ದಾಟಿಸಿದಳು.” ಡೊರತಿ ನನ್ನತ್ತ ತಿರುಗಿ ಹುಬ್ಬು ಗಂಟಿಕ್ಕಿದರು. “ಕೊನೆಯ ಎರಡು ಸಾಲು ಮಾತ್ರ ಕೇಳಿಸಲೇ ಇಲ್ಲ. ಏನೋ ಕಟ್ಟಿ ಹೇಳಿದೆ. ಅಷ್ಟು ದೂರ ಯಾಕೆ ಕೂರ್ತೀಯ ನೀನು?”

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಬಸ್ಸಿನಿಂದ ಇಳಿದೆ. ರಂಗದ ಮೇಲೆ ಒಂದೇ ದೀಪ ಉರಿಯುತ್ತಿತ್ತು. ಕುರ್ಚಿಯನ್ನು ಕಪ್ಪು ಪರದೆಯ ಹಿಂದಿನಿಂದ ಎಳೆದು ತಂದು, ಅಗ್ಗಿಷ್ಟಿಕೆಯ ಹಿಂದೆ ಇಟ್ಟು, ಕೂತು ನೋಡಿದೆ. ಸಭೆಯ ಕಡೆಗೆ ಹೋಗಿ ಕಾಣುವುದಿಲ್ಲ ಎಂದು ಖಾತರಿ ಮಾಡಿಕೊಂಡೆ. ಕಿಟಕಿಯವರೆಗೆ ದನಿ ಹೋಗುವಂತೆ ಸ್ವಲ್ಪ ಮುಂದಕ್ಕೆ ಸರಿಸಿದೆ. ಆಮೇಲೆ ಜ್ಯಾನೆಟರ ಪೆಟ್ಟಿಗೆಯಿಂದ ಬಿಳಿ ಟೇಪಿನ ಸುರುಳಿ ತೆಗೆದುಕೊಂಡು, ನೆಲದ ಮೇಲೆ ಕೂತು, ಕುರ್ಚಿಯ ನಾಲ್ಕೂ ಕಾಲುಗಳ ಸುತ್ತ ಗುರುತು ಅಂಟಿಸಿದೆ.